ಪದಚರ್ಚೆ: ‘ಹೇಝ್’ಗೆ ‘ಮಂಜು’ ಎಂದರೆ ಸರಿಯೇ?

ಮಾನ್ಯರೇ,

ಸಿಂಗಾಪುರ, ಮಲೇಷ್ಯಾ ಪ್ರವಾಸಕ್ಕೆ ಹೊರಟವರಿಗಾಗಿ ಒಂದು ಸೂಚನಾಪತ್ರ ಕನ್ನಡಕ್ಕೆ ಬರಬೇಕಿದೆ. ಅದರಲ್ಲಿ ಇಂಗ್ಲಿಷಿನ ‘ಹೇಝ್’, ಅಂದರೆ ಗಾಳಿಯಲ್ಲಿ ಕವಿಯುವ ಹೊಗೆ, ಪದೇ ಪದೇ ಬರುತ್ತದೆ. ‘ದಟ್ಟ ಮಂಜು’ ಎಂದರೆ ಕಾಸರಗೋಡಿನವರ ಕಣ್ಣೆದುರು ರಾಣಿಪುರದ ಬೆಳಗು, ಪೊಸಡಿಗುಂಪೆಯ ನೆತ್ತಿ ಬಂದು ನಿಲ್ಲುತ್ತದೆ. ಜಾಗ್ರತೆ ಎನ್ನಬೇಕಾದ ಹಾಳೆ ‘ಬನ್ನಿ’ ಎಂದು ಕರೆದಂತಾಗುತ್ತದೆ. ಪತ್ರಿಕೆಯವರ ‘ಹೊಗೆಮಂಜು’ ಸಾಕೇ? ಗಾಳಿಯ ಮಟ್ಟದ ‘ಮಾಡರೇಟ್’ಗೆ ‘ಮಧ್ಯಮ’ ಎನ್ನಬಹುದೇ?

– ಕುಂಬಳೆಯಿಂದ

ಉತ್ತರ:

‘ಹೊಗೆಮಂಜು’ ಸಲ್ಲುವುದು ‘ಸ್ಮಾಗ್’ಗೆ. ಅದು ಸ್ಮೋಕ್, ಫಾಗ್ ಎರಡನ್ನೂ ಬೆಸೆದ ಮಾತು. ಮಲಯಾಳದ ‘ಪುಕಮಞ್ಞ್’, ಮರಾಠಿಯ ‘ಧುರಕೆ’ (ಧೂರ್, ಧುಕೆ ಕೂಡಿದ್ದು) ಅದೇ ಜಾಡಿನವು. ಹೇಝಿನಲ್ಲಾದರೋ ಮಂಜೇ ಇಲ್ಲ.

ಮಂಜು ಎಂದರೆ ನೀರಿನ ಸಣ್ಣ ಹನಿ. ಅದರಿಂದಾಗಿ ನೋಟ 1 ಕಿ.ಮೀ.ಗೂ ಕಡಿಮೆಯಾದರೆ ಹವಾಮಾನದವರಿಗೆ ‘ಫಾಗ್’, ಅದಕ್ಕಿಂತ ತೆಳುವಾದರೆ ‘ಮಿಸ್ಟ್’. ಹೇಝ್ ಹೊಗೆ, ಧೂಳಿನ ಒಣ ಕಣಗಳದ್ದು. ಬಿಸಿಲೇರಿದರೆ ಮಂಜು ಕರಗುತ್ತದೆ. ಹೇಝ್ ನಡುಮಧ್ಯಾಹ್ನವೂ ಕವಿದೇ ಇರಬಹುದು. ಕಪ್ಪು ಗುಡ್ಡದ ಎದುರು ನೀಲಿಯಾಗಿ, ಬೆಳ್ಳನೆಯ ಬಾನಿನೆದುರು ಹಳದಿಯಾಗಿ ಕಾಣುತ್ತದೆ. ಇಂಡೊನೇಷ್ಯಾದ ಸುಮಾತ್ರಾ, ಕಾಲಿಮಂತಾನಿನ ಪೀಟ್ ನೆಲ ಅರೆಕೊಳೆತ ಗಿಡಮರಗಳ ಜೌಗುಮಣ್ಣು. ಅಲ್ಲಿ ಬಿದ್ದ ಬೆಂಕಿ ಮಣ್ಣಿನಡಿಯಲ್ಲೇ ವಾರಗಟ್ಟಲೆ ಕನಲುತ್ತದೆ, ಮೇಲಿಂದ ನೀರು ಸುರಿದರೂ ಸುಲಭಕ್ಕೆ ಆರದು. ಆ ಹೊಗೆಯನ್ನು ನೈಋತ್ಯದ ಗಾಳಿ ಗಡಿ ದಾಟಿಸುತ್ತದೆ. 2015ರಲ್ಲಿ ವಿಮಾನಗಳು ರದ್ದಾದವು, ಸಿಂಗಾಪುರ, ಮಲೇಷ್ಯಾಗಳಲ್ಲಿ ಶಾಲೆಗಳೂ ಮುಚ್ಚಿದವು.

ಆದ್ದರಿಂದ ‘ಹೊಗೆಮಬ್ಬು’ ಎನ್ನಿ. ಮಬ್ಬಿನಲ್ಲಿ ಹನಿಯ ಸುಳಿವಿಲ್ಲ, ತಂಪಿನ ಆಸೆಯೂ ಇಲ್ಲ. ‘ಕಾವಳ’ ಚೆಂದದ ಹಳೆಯ ಮಾತು. ಕತ್ತಲೆಯ ಅರ್ಥವೂ ಇರುವುದರಿಂದ ಅದು ಕವನಕ್ಕಿರಲಿ.

ಇನ್ನು ‘ಮಧ್ಯಮ’. ಎಡವುವುದು ಇಲ್ಲೇ. ನಮ್ಮ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ‘ಮಾಡರೇಟ್’ ಎಂದರೆ 101ರಿಂದ 200. ಸಿಂಗಾಪುರದ ವಾಯು ಸೂಚ್ಯಂಕವಾದ ಪಿಎಸ್‌ಐಯಲ್ಲಿ ಅದೇ ಮಾತಿಗೆ 51ರಿಂದ 100. 100 ದಾಟಿದರೆ ಅಲ್ಲಿ ‘ಅನ್‌ಹೆಲ್ದಿ’, 300 ಮೀರಿದರೆ ‘ಹಜಾರ್ಡಸ್’ (ಅಪಾಯಕಾರಿ). ಎರಡರ ಲೆಕ್ಕ ಕಟ್ಟುವ ಕ್ರಮವೂ ಬೇರೆ. ಹಾಗಾಗಿ ಬರೀ ವಿಶೇಷಣ ಬರೆದು ಕೈಬಿಡಬೇಡಿ. ‘ಪಿಎಸ್‌ಐ 150, ಆರೋಗ್ಯಕ್ಕೆ ಕೆಡುಕು’ ಎಂದು ಸೂಚ್ಯಂಕದ ಹೆಸರು, ಅಂಕಿ, ಅರ್ಥ ಮೂರನ್ನೂ ಕೊಡಿ. ‘ಮಾಸ್ಕ್ ಧರಿಸಿ’ ಎಂದಷ್ಟೇ ಇದ್ದರೆ ‘ಎನ್95’ ಎಂದು ಸೇರಿಸಿ. ಬಟ್ಟೆಯದು ಸೂಕ್ಷ್ಮ ಕಣವನ್ನು ಸರಿಯಾಗಿ ತಡೆಯುವುದಿಲ್ಲ.

– ಮಂಜೇಶ್ವರದಿಂದ

ಮತ್ತೊಂದು:

‘ಹೊಗೆಮಬ್ಬು’ ಒಪ್ಪಿತು. ಆದರೆ ಅಲ್ಲಿ ಇಳಿದವರ ಕಣ್ಣಿಗೆ ಬೀಳುವುದು ‘ಹೇಝ್’, ಇಲ್ಲವೇ ಮಲಯ್ ಭಾಷೆಯ ‘ಜೆರೆಬು’. ಮೊದಲ ಸಲ ಬರುವಲ್ಲಿ ಇವೆರಡನ್ನೂ ಕನ್ನಡ ಲಿಪಿಯಲ್ಲಿ ಪಕ್ಕಕ್ಕೆ ಕೊಡಿ, ಮುಂದೆ ‘ಹೊಗೆಮಬ್ಬು’ ಸಾಕು.

– ಬದಿಯಡ್ಕದಿಂದ