‘ನೋಡಲೆ’ ಬೇರೆ, ‘ನೋಡ್ಕಂಬಲೆ’ ಬೇರೆ

ಮೊನ್ನೆ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು, ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ ಬರ್ತಿದ್ದಾರೆ, ಏನೇನು ಹೇಳಿಕೊಡಬೇಕು ಅಂತ. ವೀಲ್‌ಚೇರ್ ಬುಕ್ ಮಾಡಿ, ಉಪ್ಪಿನಕಾಯಿಗೆ ಎರಡು ಕವರ್ ಹಾಕಿ ಎಂದು ಎಲ್ಲರೂ ಹೇಳಿದರು. ಇಮಿಗ್ರೇಶನ್ ಮಾತು ಮಾತ್ರ ಯಾರೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಈಗ ಶಿರಸಿಯಲ್ಲಿದ್ದೇನೆ, ಹೊರಗೆ ಮಳೆ ಹೊಯ್ಯುತ್ತಿದೆ. ಕರೆಂಟ್ ಹೋಗುವುದರೊಳಗೆ ಮುಗಿಸಬೇಕು.

ಹೋದ ವರ್ಷ ಜೂನ್‌ನಲ್ಲಿ ಆಯಿ (ನನ್ನ ಅಮ್ಮ), ಅಪ್ಪಯ್ಯ ಇಬ್ಬರೂ ಶಿಕಾಗೋದ ನಮ್ಮ ಮನೆಗೆ ಹೊರಟಿದ್ದರು. ಬೆಂಗಳೂರಿನಿಂದ ಅಬುಧಾಬಿ, ಅಲ್ಲಿಂದ ಶಿಕಾಗೋ. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಇಮಿಗ್ರೇಶನ್ ಇದೆ. ಅಂದರೆ ಅಮೆರಿಕದ ಬಾಗಿಲು ಅಲ್ಲೇ. ಅಲ್ಲಿ ಬೇಡ ಅಂದರೆ ವಿಮಾನ ಹತ್ತುವ ಹಾಗೇ ಇಲ್ಲ. ಇಳಿದ ಮೇಲೆ ಸಾಲಲ್ಲಿ ನಿಲ್ಲುವುದು ತಪ್ಪುತ್ತದಲ್ಲ ಎಂದು ಆ ಟಿಕೆಟ್ ತೆಗೆದ ಜಾಣ ನಾನೇ.

ಕೌಂಟರ್‌ನಲ್ಲಿ ಯಾಕೆ ಹೋಗ್ತಿದ್ದೀರಿ ಎಂದು ಕೇಳಿದ್ದಾರೆ. ಆಯಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಫೋನಿನಲ್ಲಿ ಕನ್ನಡ ದುಭಾಷಿಯನ್ನು ಹಿಡಿದಿದ್ದಾರೆ. ಆಯಿ ನಮ್ಮ ಹವ್ಯಕರ ಮಾತಿನಲ್ಲೇ ‘ಮೊಮ್ಮಗನ್ನ ನೋಡ್ಕಂಬಲೆ’ ಎಂದಿದ್ದಾಳೆ. ನೋಡಲೆ ಅಂದಿದ್ದರೆ ನೋಡಲಿಕ್ಕೆ, ಅಷ್ಟೆ. ನೋಡ್ಕಂಬಲೆ ಅಂದರೆ ನೋಡಿಕೊಳ್ಳಲಿಕ್ಕೆ. ದುಭಾಷಿ ಸರಿಯಾಗಿಯೇ ಅನುವಾದಿಸಿದ್ದಾರೆ ಪಾಪ. ಬಂದು ಹೋಗುವ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಮಗು ನೋಡಿಕೊಳ್ಳುವುದು ಅವರಿಗೆ ಕೆಲಸದ ಹಾಗೆ ಕೇಳಿಸಿದೆ. ಮುಂದಿನ ಪ್ರಶ್ನೆ: ಎಷ್ಟು ತಿಂಗಳು ನೋಡಿಕೊಳ್ಳುತ್ತೀರಿ, ಮಗ ದುಡ್ಡು ಕೊಡುತ್ತಾನಾ?

ಇಬ್ಬರನ್ನೂ ಪಕ್ಕದ ಕೋಣೆಗೆ ಕಳಿಸಿದರು. ಫೋನ್ ತೆಗೆದುಕೊಂಡರು. ಗಡಿಯಲ್ಲಿ ಫೋನ್ ತೆರೆದು ನೋಡುವ ಅಧಿಕಾರ ಅವರಿಗೆ ಇದೆ, ವಾಟ್ಸಾಪ್ ಸಮೇತ. ಆಯಿಯ ಫೋನಿನಲ್ಲಿ ನಾನೇ ಕಳಿಸಿದ ಮೆಸೇಜ್ ಇತ್ತು. ‘ನೀ ಬಂದ್ರೆ ಡೇಕೇರ್ ಬಿಡಿಸ್ತಿ’ (ಬಿಡಿಸುತ್ತೇನೆ) ಅಂತ, ಇಂಗ್ಲಿಷ್ ಅಕ್ಷರದಲ್ಲಿ. ಅಷ್ಟುದ್ದದ ವಾಕ್ಯದಲ್ಲಿ ಆ ಅಧಿಕಾರಿಗೆ ಓದಲು ಬಂದದ್ದು ಡೇಕೇರ್ ಎಂಬ ಒಂದೇ ಶಬ್ದ. ಸಾಕಾಯಿತು.

ನಾಲ್ಕು ತಾಸು. ವಿಮಾನ ಹೋಯಿತು. ಇತ್ತ ನಮಗೆ ಸಂಜೆ, ಮಗ ಅಜ್ಜಿಗೆ ತೋರಿಸಲು ಚಿತ್ರ ಬಿಡಿಸುತ್ತ ಕೂತಿದ್ದ. ಇಬ್ಬರ ಫೋನೂ ಸ್ವಿಚ್ ಆಫ್. ಯಾರನ್ನು ಕೇಳುವುದು?

ಕೊನೆಗೆ ದಾರಿ ಮಾಡಿದ್ದು ಅಪ್ಪಯ್ಯ. ವಾಪಸ್ ಹೋಗುತ್ತೀರಿ ಎಂದು ಹೇಗೆ ನಂಬಲಿ ಎಂದದ್ದಕ್ಕೆ, ಚೀಲದಿಂದ ಅಡಿಕೆ ಸೊಸೈಟಿಯ ಪಾಸ್‌ಬುಕ್ ತೆಗೆದಿಟ್ಟನಂತೆ. ಜೊತೆಗೆ ತೋಟದ ಪಹಣಿ, ಅಕ್ಟೋಬರ್‌ನ ರಿಟರ್ನ್ ಟಿಕೆಟ್. ‘ನವೆಂಬರ್ ಆದಮೇಲೆ ಅಡಿಕೆಯ ಕೊನೆಕೊಯ್ಲು. ನಾನಿಲ್ಲದಿದ್ದರೆ ಮರ ಹತ್ತುವವರು ನಮ್ಮ ತೋಟಕ್ಕೆ ಬರುವುದಿಲ್ಲ, ಪಕ್ಕದ ತೋಟಕ್ಕೆ ಹೋಗುತ್ತಾರೆ.’ ದುಭಾಷಿ ಇದನ್ನು ಹೇಗೆ ಹೇಳಿದರೋ. ಮರುದಿನದ ವಿಮಾನಕ್ಕೆ ಬಿಟ್ಟರು.

ಇದನ್ನು ಕೇಳಿದವರು ಮೊದಲು ಹೇಳುವ ಬುದ್ಧಿ: ‘ಸುಮ್ನೆ ಟೂರಿಸ್ಟ್ ಅಂತ ಹೇಳಿಸಿ.’ ನಾನು ಒಪ್ಪುವುದಿಲ್ಲ. ಎಪ್ಪತ್ತು ದಾಟಿದವರಿಗೆ ಸುಳ್ಳು ಬಾಯಿಪಾಠ ಮಾಡಿಸಿ ಕಳಿಸಿದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ, ಆಗ ಕಷ್ಟ ಇನ್ನೂ ಜಾಸ್ತಿ. ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಪ್ರತಿ ವರ್ಷ ಆರು ತಿಂಗಳು ಅವರನ್ನು ಆಯಾ ಬದಲಿಗೆ ಕರೆಸುವವರಲ್ಲಿ ನಾವೂ ಇದ್ದೇವೆ, ಅಲ್ವಾ? ಆ ಪ್ರಶ್ನೆ ಆಯಿಗೆ ಕೇಳಬೇಕಾದದ್ದಲ್ಲ, ನನಗೆ ಕೇಳಬೇಕಾದದ್ದು. ಈಗ ಡೇಕೇರ್ ಬಿಡಿಸುವುದಿಲ್ಲ. ಅವರು ಬಂದರೂ ನನ್ನ ಮಗ ಹೋಗುತ್ತಾನೆ.

ತಿಳಿದಿರಬೇಕಾದ ಇನ್ನೂ ಕೆಲವು. ವೀಸಾ 10 ವರ್ಷದ್ದಾದರೂ ಒಂದು ಸಲಕ್ಕೆ ಎಷ್ಟು ದಿನ ಎಂಬುದನ್ನು ಆ ಕೌಂಟರ್‌ನವರೇ ಬರೆಯುತ್ತಾರೆ, ಸಾಮಾನ್ಯವಾಗಿ 6 ತಿಂಗಳು. ಪಕ್ಕದ ಕೋಣೆಗೆ ಕಳಿಸಿದರೆಂದರೆ ಅರೆಸ್ಟ್ ಅಲ್ಲ, ಇದನ್ನು ಅವರಿಗೆ ಮೊದಲೇ ಹೇಳಿಡಿ. ಆಯಿ ಜೈಲು ಎಂದೇ ತಿಳಿದಿದ್ದಳು. ಭಾಷೆ ಬರದಿದ್ದರೆ ಕನ್ನಡ ದುಭಾಷಿ ಬೇಕೆಂದು ಕೇಳಲಿ. ಅರ್ಥವಾಗದ ಕಾಗದಕ್ಕೆ ಸಹಿ ಬೇಡ. ಗಡಿಯಿಂದಲೇ ಹೊರಹಾಕುವ ಆದೇಶ ಬಿದ್ದರೆ ಸಾಮಾನ್ಯವಾಗಿ 5 ವರ್ಷ ಕಾಲಿಡುವಂತಿಲ್ಲ. ತಾವಾಗಿ ಹಿಂದೆ ಹೋಗಲು ಬಿಟ್ಟರೆ ಆ ಗಂಟು ಇಲ್ಲ, ಆದರೆ ಬಿಡುವುದು ಅಧಿಕಾರಿಗೆ ಬಿಟ್ಟದ್ದು.

ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ (ಅಮೆರಿಕದಲ್ಲೇ ನೆಲೆಸುವ ಪರವಾನಗಿ) ಮಾಡಿಸಿ, ಅವರು ವರ್ಷದ ಮುಕ್ಕಾಲು ಪಾಲು ಊರಲ್ಲೇ ಇದ್ದರೆ ಅದು ಬೇರೆಯೇ ತಲೆನೋವು. ಅಮೆರಿಕದಿಂದ ಹೊರಗಿದ್ದದ್ದು 6 ತಿಂಗಳು ಮೀರಿದರೆ ಪ್ರಶ್ನೆ ಬರುತ್ತದೆ. ವರ್ಷ ಮೀರುವುದಾದರೆ ಹೊರಡುವ ಮೊದಲೇ ಅಮೆರಿಕದಲ್ಲಿದ್ದಾಗ ರೀ-ಎಂಟ್ರಿ ಪರ್ಮಿಟ್‌ಗೆ, ಅಂದರೆ ಮರಳಿ ಒಳಬರುವ ಅನುಮತಿಗೆ, ಹಾಕಬೇಕು. ಗಡಿಯಲ್ಲಿ ಐ-407 ಎಂಬ ಫಾರ್ಮ್ ಮುಂದಿಟ್ಟರೆ ಸಹಿ ಹಾಕಲೇಬೇಕೆಂದಿಲ್ಲ. ಅದು ಕಾರ್ಡ್ ಬಿಟ್ಟುಕೊಟ್ಟೆ ಎಂದು ಬರೆದುಕೊಟ್ಟ ಹಾಗೆ. ನ್ಯಾಯಾಧೀಶರ ಮುಂದೆ ಹೇಳುತ್ತೇನೆ ಎಂದು ಕೇಳುವ ಹಕ್ಕು ಇದೆ.

ತಿಂಡಿ ವಿಷಯ ಬಿಡಿ. ಅಪ್ಪೆಮಿಡಿ ಉಪ್ಪಿನಕಾಯಿ ಇದೆ, ಸಿಹಿ ತೊಡದೇವು ಇದೆ ಎಂದು ಮೊದಲೇ ಹೇಳಿದರೆ ಮುಗಿಯಿತು. ಕರಿಬೇವು ಮಾತ್ರ ಬೇಡ. ಮುಚ್ಚಿಟ್ಟದ್ದು ಸಿಕ್ಕರೆ ಮೊದಲ ಸಲಕ್ಕೆ ಸಾಮಾನ್ಯವಾಗಿ 300 ಡಾಲರ್ ದಂಡ.

ಮಗನಿಗೆ ಆಗ ನಾಲ್ಕು ವರ್ಷ. ಅಜ್ಜಿ ಯಾಕೆ ಬರಲಿಲ್ಲ ಎಂದದ್ದಕ್ಕೆ ವಿಮಾನ ತಪ್ಪಿತು ಎಂದಷ್ಟೇ ಹೇಳಿದ್ದೆ. ಆದರೆ ದೊಡ್ಡವರ ಮಾತು ಮಕ್ಕಳ ಕಿವಿಗೆ ಬೀಳದೇ ಇರುತ್ತದೆಯೇ. ಈಗ ಜಗುಲಿಯಲ್ಲಿ ಅಡಿಕೆ ಸುಲಿಯುವ ಮಣೆಯನ್ನೇ ಕೌಂಟರ್ ಮಾಡಿಕೊಂಡು, ಬಂದವರಿಗೆಲ್ಲ ಎಷ್ಟು ದಿನ ಇರ್ತೀರಿ ಎಂದು ಕೇಳುತ್ತಾನೆ. ಹಾಲು ಕೊಡಲು ಬಂದವನನ್ನೂ ಬಿಟ್ಟಿಲ್ಲ.

ನಿನ್ನೆ ಆಯಿಗೆ ಕೇಳಿದೆ, ಮುಂದಿನ ವರ್ಷ ಬರ್ತೀಯಾ ಅಂತ. ತೊಳೆದ ಮಿಡಿ ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ.

‘ಕೊನೆಕೊಯ್ಲು ಮುಗೀಲಿ. ನೋಡನ.’