ಬಾಣಂತಿಯ ಎರಡೂ ಕಂಕುಳಲ್ಲಿ ಗಡ್ಡೆ, ಹಾಲು ಕುಡಿಸಬಹುದಾ?

ಆಶಾ_ಬಾಗೇಪಲ್ಲಿ:
ಚೊಚ್ಚಲ ಹೆರಿಗೆ, ನಾರ್ಮಲ್. 3ನೇ ದಿನದ ಭೇಟಿಯಲ್ಲಿ ನೋಡಿದರೆ ಎದೆ ಕಲ್ಲಾಗಿದೆ, ಎರಡೂ ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಜ್ವರ ಇಲ್ಲ, ಕೆಂಪಾಗಿಲ್ಲ. ಎಡಗಡೆಯದರ ಮೇಲೆ ಮಚ್ಚೆಯಂಥ ಚುಕ್ಕೆ, ಒತ್ತಿದರೆ ಬಿಳಿ ಹನಿ ಬರುತ್ತೆ. ಮನೆಯವರು ಉಪ್ಪಿನ ಗಂಟಿನ ಶಾಖ ಕೊಟ್ಟು ನೀವುತ್ತಿದ್ದಾರೆ. ಎದೆಗೆ ಮಲ್ಲಿಗೆ ಕಟ್ಟೋಣವಾ ಅಂತಲೂ ಕೇಳಿದರು. ಹಾಲು ನಿಲ್ಲಿಸಬೇಕಾ?

ನರ್ಸಿಂಗ್_ಪಾಠ:
ಖಂಡಿತ ನಿಲ್ಲಿಸಬೇಡಿ. ಅದೂ ಸ್ತನವೇ. ಭ್ರೂಣಕ್ಕೆ 5–6 ವಾರ ಆದಾಗ ಕಂಕುಳಿಂದ ತೊಡೆಸಂದಿವರೆಗೆ ಎರಡೂ ಬದಿಗೆ ಹಾಲಿನ ಗೆರೆ ಮೂಡುತ್ತೆ. ಎದೆಯ ಮೇಲಿನದು ಉಳಿದು ಮಿಕ್ಕಿದ್ದು ಅಳಿಸಿಹೋಗಬೇಕು. ಅಳಿಯದೆ ಉಳಿದ ತುಣುಕು ಇದು. ಆ ಚುಕ್ಕೆ ಮಚ್ಚೆಯಲ್ಲ, ಹೆಚ್ಚುವರಿ ತೊಟ್ಟು. ಬಲಗಡೆ ಚುಕ್ಕೆ ಇಲ್ಲ ಅಂದರೆ ಅದು ಕಂಕುಳೊಳಗೆ ಚಾಚಿರುವ ಸ್ತನದ ಬಾಲವೂ ಇರಬಹುದು. ಮಾಸು ಬಿದ್ದಮೇಲೆ, ಬಸಿರಲ್ಲಿ ಹಾಲು ತಡೆಹಿಡಿದಿದ್ದ ಪ್ರೊಜೆಸ್ಟರಾನ್ ಹಾರ್ಮೋನು ಕುಸಿದು 2–4ನೇ ದಿನ ಹಾಲು ತುಂಬುತ್ತೆ. ಹಾಲು ಮಾಡಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್‌ಗೆ ಎದೆ, ಕಂಕುಳು ಅನ್ನೋ ಭೇದ ಇಲ್ಲ.

ಹಾಲೂಡಿಕೆ_ಸಲಹೆ_ಕೋಲಾರ:
ಮೊದಲು ಶಾಖ, ನೀವೋದು ಎರಡೂ ನಿಲ್ಲಿಸಿ. ಬಿಸಿಗೆ ರಕ್ತ ಹರಿದು ಬಾವು ಏರುತ್ತೆ. ಚುಕ್ಕೆ ಒತ್ತಲೂಬೇಡಿ, ಹಿಂಡಿದಷ್ಟೂ ಊರುತ್ತೆ. ಕುಡಿಸಿದಮೇಲೆ ತಣ್ಣೀರ ಬಟ್ಟೆ 10–15 ನಿಮಿಷ. ಮಲ್ಲಿಗೆ ಕಟ್ಟೋದು ಹಾಲು ಬತ್ತಿಸೋಕೆ, ಇಲ್ಲಿ ಬೇಡವೇ ಬೇಡ.

ನಿಜವಾದ ತೊಂದರೆ ಕಂಕುಳಲ್ಲಿಲ್ಲ, ಎದೆಯಲ್ಲಿದೆ. ತೊಟ್ಟಿನ ಸುತ್ತಲ ಕಪ್ಪು ಭಾಗ ಬಿಗಿದಿದ್ದರೆ ಮಗು ಬರೀ ತೊಟ್ಟು ಕಚ್ಚುತ್ತೆ. ತೊಟ್ಟು ಬಿರಿಯುತ್ತೆ, ಹಾಲು ಒಳಗೇ ಉಳಿಯುತ್ತೆ. ಕುಡಿಸುವ ಮುಂಚೆ ಎರಡೂ ಕೈಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು ಎದೆಗೂಡಿನ ಕಡೆ ಒಂದು ನಿಮಿಷ ಮೆಲ್ಲಗೆ ಒತ್ತಿಹಿಡಿಯಲಿ. ಉಗುರು ಕತ್ತರಿಸಿರಲಿ. ನೀರು ಹಿಂದಕ್ಕೆ ಸರಿದು ಆ ಭಾಗ ತುಟಿಯಷ್ಟು ಮೆತ್ತಗಾಗುತ್ತೆ, ಆಗಲೇ ಮಗುವನ್ನು ಹಿಡಿಸಿ. ದಿನಕ್ಕೆ 8–12 ಸಲ, ರಾತ್ರಿಯೂ ಸೇರಿ.

ಆಶಾ_ಬಾಗೇಪಲ್ಲಿ:
ಸೂಜಿ ಹಾಕಿ ತೆಗೆಸಿ ಅಂತ ಪಕ್ಕದ ಮನೆಯವರು ಹೇಳ್ತಿದ್ದಾರೆ. ತಾನಾಗೇ ಇಳಿಯುತ್ತಾ?

ನರ್ಸಿಂಗ್_ಪಾಠ:
ಇಳಿಯುತ್ತೆ, ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಹಾಲು ಹೊರಗೆ ಹೋಗದಿದ್ದರೆ ಅದನ್ನು ಮಾಡುವ ಜೀವಕೋಶಗಳೇ ಸೊರಗುತ್ತವೆ. ಈಗ ಕೊಯ್ದರೆ ಗಾಯ ಕೂಡದೆ ಹಾಲು ಸೋರುತ್ತಲೇ ಇರಬಹುದು. ಜ್ವರ 100.4 ಡಿಗ್ರಿ ಮುಟ್ಟಿದರೆ, ಚರ್ಮ ಕೆಂಪಾಗಿ ಹೊಳೆದರೆ ಅವತ್ತೇ ಪಿಎಚ್‌ಸಿಗೆ ಕರ್ಕೊಂಡು ಹೋಗಿ. ಎರಡು ವಾರ ಕಳೆದರೂ ಇಳಿಯದಿದ್ದರೆ, ಒಂದೇ ಬದಿ ಗಟ್ಟಿಯಾಗಿ ಉಳಿದರೆ ಸ್ಕ್ಯಾನಿಂಗ್ ಬೇಕು. ಸ್ತನಕ್ಕೆ ಬರುವ ಕಾಯಿಲೆಗಳೆಲ್ಲ ಈ ತುಣುಕಿಗೂ ಬರಬಹುದು.

ತಾಯಿ ಕಾರ್ಡಲ್ಲಿ ಬರೆದಿಡಿ. ಮುಂದಿನ ಬಸಿರಲ್ಲೂ ಊದಬಹುದು.