‘ವರ್ಗಾವಣೆ ದರ’ದ ಬದಲು ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಗೆಳೆಯನ ಡಿಟಿಪಿ ಅಂಗಡಿಯಲ್ಲಿ ಎಕ್ಸ್‌ಪಿ (ವಿಂಡೋಸಿನ ಹಳೇ ಆವೃತ್ತಿ) ಇರುವ ಒಂದು ಹಳೇ ಕಂಪ್ಯೂಟರ್ ಇದೆ. ಪೇಜ್‌ಮೇಕರ್, ನುಡಿ ಅನ್ನೋ ಪುಟ ಜೋಡಿಸುವ, ಕನ್ನಡ ಟೈಪ್ ಮಾಡುವ ತಂತ್ರಾಂಶ ಎಲ್ಲಾ ಅದರಲ್ಲೇ ಇರೋದರಿಂದ ಬಿಸಾಡೋ ಹಾಗಿಲ್ಲ. ಲಗ್ನಪತ್ರಿಕೆ ಫೈಲುಗಳನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹಾಕಲು ಹೋದರೆ ಸೆಕೆಂಡಿಗೆ ಮೂರೋ ನಾಲ್ಕೋ ಮೆಗಾಬೈಟ್ ಅಷ್ಟೇ, ಅದು ಮುಗಿಯೋವರೆಗೆ ಮೌಸ್ ಕೂಡ ಎಳೆದೆಳೆದು ಓಡುತ್ತಿತ್ತು. ಕಾರಣ ಸಿಕ್ಕಿತು, ರಿಪೇರಿಯೂ ಆಯಿತು. ಮತ್ತೆ ಹೀಗಾದರೆ ನೋಡಿಕೊಳ್ಳಲಿ ಅಂತ ಅಂಗಡಿ ಹುಡುಗರಿಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಡುತ್ತಿದ್ದೇನೆ. ಪದಗಳ ಹತ್ತಿರ ಸಿಕ್ಕಿಬಿದ್ದಿದ್ದೇನೆ.

ಮೊದಲನೆಯದು ‘ವರ್ಗಾವಣೆ ದರ’, ಅಂದರೆ ಇಂಗ್ಲಿಷಿನ ‘ಟ್ರಾನ್ಸ್‌ಫರ್ ರೇಟ್’, ಸೆಕೆಂಡಿಗೆ ಎಷ್ಟು ಮಾಹಿತಿ ಸಾಗುತ್ತೆ ಅನ್ನೋದು. ವರ್ಗಾವಣೆ ಅಂದರೆ ನಮ್ಮ ಜನಕ್ಕೆ ನೆನಪಾಗೋದು ಮೇಷ್ಟ್ರುಗಳ ಕೌನ್ಸೆಲಿಂಗ್, ದರ ಅಂದರೆ ರೇಟು. ಎರಡೂ ಸೇರಿದರೆ ಅರ್ಥ ಎಲ್ಲಿಗೋ ಹೋಗುತ್ತೆ, ಬಿಡಿ. ಸದ್ಯಕ್ಕೆ ‘ಸಾಗಣೆ ವೇಗ’ ಅಂತ ಹಾಕಿದ್ದೇನೆ. ಹುಡುಗರು ‘ಕಾಪಿ ಸ್ಪೀಡ್’ ಅಂತಾರೆ. ಆದರೆ ಫೈಲ್ ತೆರೆಯುವಾಗ, ಸೇವ್ ಮಾಡುವಾಗಲೂ ಇದೇ ವೇಗದ ಮಾತು, ಅಲ್ಲಿ ಕಾಪಿ ಎಲ್ಲಿದೆ?

ಇನ್ನೊಂದು ‘ನಿಧಾನ’. ಡಿಸ್ಕಿನ ಮಾಹಿತಿ ಓದುವ ಹೆಡ್ಡು ಸರಿಯಾದ ಜಾಗಕ್ಕೆ ಹೋಗಿ, ಅದರ ಕೆಳಗೆ ತಟ್ಟೆ ತಿರುಗಿ ಬರುವವರೆಗೆ ಕಾಯೋದು ಒಂದು. ನಿಮಿಷಕ್ಕೆ 7200 ಸುತ್ತು ಹೊಡೆಯುವ ಡಿಸ್ಕಿನಲ್ಲಿ ಅರ್ಧ ಸುತ್ತಿಗೇ 4 ಮಿಲಿಸೆಕೆಂಡ್ ಬೇಕು. ಓದೋಕೆ ಶುರುವಾದ ಮೇಲೂ ಮಾಹಿತಿ ತೆವಳಿಕೊಂಡು ಬರೋದು ಇನ್ನೊಂದು. ಮೊದಲನೆಯದಕ್ಕೆ ‘ತಡ’, ಎರಡನೆಯದಕ್ಕೆ ‘ನಿಧಾನ’ ಅಂದರೆ ಸಾಕು ಅನಿಸುತ್ತೆ. ಬಸ್ಸು ತಡ ಅನ್ನೋದೇ ಬೇರೆ, ಬಸ್ಸು ನಿಧಾನ ಅನ್ನೋದೇ ಬೇರೆ ಅಲ್ವಾ? ಸಣ್ಣ ಸಣ್ಣ ಫೈಲು ಸಾವಿರ ಇದ್ದಾಗ ಮಾತ್ರ ಕಾಯಿಸಿದರೆ ಅದು ತಡ, ಒಂದೇ ದೊಡ್ಡ ಫೈಲೂ ಮುಂದೆ ಹೋಗದಿದ್ದರೆ ನಿಧಾನ. ಧಾರವಾಡದ ಕಡೆಯವರು ‘ಸಾವಕಾಶ’ ಅಂತಾರಲ್ಲ, ಅದು ಯಂತ್ರಕ್ಕೂ ಹೊಂದುತ್ತಾ?

ನಮ್ಮದು ನಿಧಾನದ ಕೇಸು. ಡಿವೈಸ್ ಮ್ಯಾನೇಜರಿನಲ್ಲಿ ಪ್ರೈಮರಿ ಐಡಿಇ ಚಾನೆಲ್ (ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ದಾರಿ) ತೆರೆದು ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ನೋಡಿದರೆ, ಅಲ್ಟ್ರಾ ಡಿಎಂಎ 5 ಇರಬೇಕಾದ ಕಡೆ ‘ಪಿಐಒ’ ಅಂತ ಕೂತಿತ್ತು. ಎರಡೂ ಡಿಸ್ಕಿನ ಮಾಹಿತಿ ಸಾಗಿಸುವ ವಿಧಾನಗಳು, ವ್ಯತ್ಯಾಸ ಕೆಳಗೆ ಹೇಳುತ್ತೇನೆ. ಅಲ್ಟ್ರಾ ಡಿಎಂಎ 5 ಅಂದರೆ ಲೆಕ್ಕಕ್ಕೆ ಸೆಕೆಂಡಿಗೆ 100 ಮೆಗಾಬೈಟ್, ಪಿಐಒ ಎಷ್ಟೇ ಚೆನ್ನಾಗಿದ್ದರೂ 16.7, ಕೈಗೆ ಸಿಗೋದು ಅದಕ್ಕಿಂತ ಎಷ್ಟೋ ಕಮ್ಮಿ. ಟೈಮ್‌ಔಟ್ ಅಥವಾ ಸಿಆರ್‌ಸಿ ತಪ್ಪು (ಹೊತ್ತಿಗೆ ಸರಿಯಾಗಿ ಉತ್ತರ ಬರದಿರೋದು, ಇಲ್ಲವೇ ದಾರಿಯಲ್ಲಿ ಮಾಹಿತಿ ಕೆಟ್ಟಿದ್ದು ತಾಳೆ ನೋಡಿದಾಗ ತಿಳಿಯೋದು) ಒಟ್ಟು ಆರಾದರೆ ಎಕ್ಸ್‌ಪಿ ಯಾರಿಗೂ ಹೇಳದೆ ಡಿಸ್ಕನ್ನು ಒಂದು ಮೆಟ್ಟಿಲು ಇಳಿಸುತ್ತೆ, ತಪ್ಪು ಬರ್ತಾನೇ ಇದ್ದರೆ ಕೊನೆಗೆ ಪಿಐಒಗೆ ತಳ್ಳುತ್ತೆ. ಇದಕ್ಕೆ ‘ಹಿಂಬಡ್ತಿ’ ಅಂತ ಬರೆದೆ. ಗೆಳೆಯ ನಕ್ಕ, ಆದರೆ ಅರ್ಥ ತಕ್ಷಣ ಆಯಿತು, ಹಾಗಾಗಿ ಉಳಿಸಿಕೊಂಡಿದ್ದೇನೆ. ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ಮತ್ತೆ ಆನ್ ಮಾಡಿದರೆ ಹಿಂಬಡ್ತಿ ರದ್ದು. ಕೇಬಲ್ ಕೆಟ್ಟಿದ್ದರೆ ಮಾತ್ರ ಮತ್ತೆ ಅದೇ ಕಥೆ. ಕೇಬಲ್ 80 ತಂತಿಯದ್ದೇ ಇರಬೇಕು, 40 ತಂತಿಯದ್ದಾದರೆ 33 ಮೆಗಾಬೈಟ್ ದಾಟಲ್ಲ. ಎರಡಕ್ಕೂ ಪಿನ್ನಿನ ತೂತು 40ರ ಲೆಕ್ಕದ್ದೇ, ಹಾಗಾಗಿ ‘80 ಪಿನ್ನಿನ ಕೇಬಲ್’ ಅಂತ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ.

ಪಿಐಒದಲ್ಲಿ ಪ್ರೊಸೆಸರ್ ತಾನೇ ಒಂದೊಂದು ತುಂಡನ್ನೂ ಎತ್ತಿ ಮೆಮೊರಿಗೆ ಹಾಕುತ್ತೆ, ಮೌಸ್ ಎಳೆದಾಡೋದು ಅದಕ್ಕೇ. ಡಿಎಂಎಯಲ್ಲಿ ಕಂಟ್ರೋಲರ್ ನೇರ ಮೆಮೊರಿಗೆ ಬರೆಯುತ್ತೆ. ‘ಕೈಸಾಗಣೆ’, ‘ನೇರ ಸಾಗಣೆ’ ಅಂತ ಕಂಸದಲ್ಲಿ ಕೊಡಬಹುದಾ? ಪರದೆ ಮೇಲೆ ಕಾಣೋದು ಇಂಗ್ಲಿಷ್ ಹೆಸರೇ ಆದ್ದರಿಂದ ಅದನ್ನಂತೂ ಬಿಡೋಕಾಗಲ್ಲ.

ಕೊನೆಯದು, ನನಗೆ ನಿಜಕ್ಕೂ ಬಗೆಹರಿಯದೇ ಇರೋದು ‘ಎಂಬಿ’. ಇಂಗ್ಲಿಷಿನಲ್ಲಿ ಸಣ್ಣ ಬಿ ಬರೆದರೆ ಬಿಟ್, ದೊಡ್ಡ ಬಿ ಬರೆದರೆ ಬೈಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್. ನಮ್ಮ ಲಿಪಿಯಲ್ಲಿ ಆ ವ್ಯತ್ಯಾಸವೇ ಇಲ್ಲ. ಹಳೇ ಯುಎಸ್‌ಬಿ 1.1ರ ವೇಗ ಸೆಕೆಂಡಿಗೆ 12 ಮೆಗಾಬಿಟ್, ಅಂದರೆ ಒಂದೂವರೆ ಮೆಗಾಬೈಟ್. ‘12 ಎಂಬಿ’ ಅಂತ ಬರೆದರೆ ಹುಡುಗರು ಪೆನ್‌ಡ್ರೈವ್ ಕೆಟ್ಟಿದೆ ಅಂತಲೇ ತಿಳಿಯುತ್ತಾರೆ. ಪ್ರತಿಸಲ ಪೂರ್ತಿ ಬರೆದರೆ ಪಟ್ಟಿಯ ಕಾಲಮ್ಮಿನಲ್ಲಿ ಹಿಡಿಯಲ್ಲ. ‘ಎಂಬಿಟ್’, ‘ಎಂಬೈಟ್’ ಅಂತ ಗಿಡ್ಡ ಮಾಡಿ ಯಾರಾದರೂ ಬಳಸಿದ್ದೀರಾ?